ಕನ್ನಡಿ ಗೌರಮ್ಮನ ಬರಿ ಹಣೆ

ನ್ಯಾಮತಿಯ ನಮ್ಮ ಅಂಗಡಿಗೆ ಕುಂಕುಮಕ್ಕೆಂದು ಬಂದ ಹೆಂಗಸರು ಯಾರೂ ಕುಂಕುಮ ಕೊಡಿ ಎಂದು ಕೇಳುತ್ತಿರಲಿಲ್ಲ. “ಒಂದು ಗೌರಮ್ಮ ಕೊಡ್ರಿ” ಎನ್ನುತ್ತಿದ್ದರು. ಮಾವನವರು ಹಿಂದಿನ ಗೂಡಿನಿಂದ ಒಂದು ಪೊಟ್ಟಣ ತೆಗೆದು ಮುಂದಿಡುತ್ತಿದ್ದರು. ಅಂಗೈಯಗಲದ ಕಾಗದದ ಪೊಟ್ಟಣ. ಅದರ ಮೇಲೆ ಕನ್ನಡಿ ಹಿಡಿದು ಕುಳಿತ ಒಬ್ಬ ಹೆಂಗಸಿನ ಚಿತ್ರ. ಹಣೆಯಲ್ಲಿ ದುಂಡನೆಯ ಕೆಂಪು ಕುಂಕುಮ, ಕೈ ತುಂಬ ಕೆಂಪು ಬಳೆ, ತುರುಬಿನಲ್ಲಿ ಕೆಂಪು ಹೂವು, ಸೀರೆಗೆ ಕೆಂಪು ಅಂಚು. ಕುಂಕುಮ ಮಾಡುತ್ತಿದ್ದ ಕಂಪನಿಯವರು ಅದಕ್ಕೆ ‘ಕನ್ನಡಿ ಮಾರ್ಕು’ ಎಂದು ಹೆಸರಿಟ್ಟಿದ್ದರು. ಅವರು ಇಟ್ಟ ಹೆಸರನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ.

ಆ ಚಿತ್ರ ಬರೆದವನು ಯಾವ ಊರಿನವನೋ ನನಗೆ ಗೊತ್ತಿಲ್ಲ. ಯಾವುದೋ ಶ್ರೀಮಂತರ ಮನೆಯ ಹೆಣ್ಣುಮಗಳು ಸಿಂಗಾರ ಮಾಡಿಕೊಳ್ಳುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರಬೇಕು. ನಮ್ಮ ಹೆಂಗಸರು ಆಕೆಯನ್ನು ಗೌರಮ್ಮ ಮಾಡಿಬಿಟ್ಟಿದ್ದರು. ಕುಂಕುಮ ಖಾಲಿಯಾದ ಮೇಲೆ ಚಿತ್ರವನ್ನು ಕತ್ತರಿಸಿ, ಗಂಜಿ ಹಚ್ಚಿ, ದೇವರ ಕೋಣೆಯ ಬಾಗಿಲಿಗೋ ಜೋಳ ತುಂಬಿಡುವ ವಾಡೆಗೋ ಟ್ರಂಕಿನ ಮುಚ್ಚಳದ ಒಳಮೈಗೋ ಅಂಟಿಸುತ್ತಿದ್ದರು. ಜಗಳೂರಿನಲ್ಲಿ ನನ್ನ ತವರುಮನೆಯಲ್ಲೂ ಆಕೆ ಇದ್ದಳು. ನನ್ನ ಅವ್ವ ಹಬ್ಬದ ದಿನ ಊದಿನಕಡ್ಡಿಯನ್ನು ಆಕೆಯ ಮುಂದೂ ಒಂದು ಸುತ್ತು ತಿರುಗಿಸುತ್ತಿದ್ದಳು. ಹಾಗಾಗಿ ಮದುವೆಯಾಗಿ ನ್ಯಾಮತಿಗೆ ಬಂದು, ಆ ಪೊಟ್ಟಣಗಳನ್ನು ಮಾರುವ ಮನೆಗೇ ಸೊಸೆಯಾದೆ ಎಂದು ತಿಳಿದಾಗ, ಗುರುತಿನವರೊಬ್ಬರು ಆ ಮನೆಯಲ್ಲಿ ಮೊದಲೇ ಇದ್ದಾರೆ ಎನ್ನುವ ಧೈರ್ಯ ಬಂದಿತ್ತು.

ಮನೆಯ ಮುಂಭಾಗವೇ ಅಂಗಡಿ. ಅದರ ಹಿಂದೆ ಪಡಸಾಲೆ, ನಡುವೆ ಒಂದು ಬಾಗಿಲು. ಬಾಗಿಲಿನ ಆಚೆ ಗಂಡಸರು, ಈಚೆ ನಾವು. ಮಾವನವರು ಹೊನ್ನಾಳಿ, ಚನ್ನಗಿರಿಯ ಸಣ್ಣ ಅಂಗಡಿಗಳಿಗೂ ಇದೇ ಕುಂಕುಮವನ್ನು ಕಳಿಸುತ್ತಿದ್ದರು. ಗಂಟು ಕಟ್ಟುವುದು, ಹರಿದ ಪೊಟ್ಟಣಗಳನ್ನು ಆರಿಸಿ ತೆಗೆಯುವುದು ಪಡಸಾಲೆಯ ಕೆಲಸ, ಅಂದರೆ ನನ್ನದು ಮತ್ತು ನನ್ನ ನಾದಿನಿಯದು.

ನಾದಿನಿ ನನಗಿಂತ ಚಿಕ್ಕವಳು. ನಾನು ಆ ಮನೆಗೆ ಬರುವ ಮೊದಲೇ ಆಕೆಯನ್ನು ಚನ್ನಗಿರಿಗೆ ಕೊಟ್ಟು, ಗಂಡ ಜ್ವರದಲ್ಲಿ ತೀರಿಹೋಗಿ, ಆಕೆ ವಾಪಸ್ ಬಂದೂ ಆಗಿತ್ತು. ಬಳೆ ಹೋಗಿತ್ತು, ಕುಂಕುಮ ಹೋಗಿತ್ತು, ಹೂವು ಹೋಗಿತ್ತು. ನಮ್ಮಲ್ಲಿ ವಿಭೂತಿ ಯಾರಿಂದಲೂ ಹೋಗುವುದಿಲ್ಲವಾದ್ದರಿಂದ ಅದೊಂದು ಉಳಿದಿತ್ತು. ಅವಳ ಕೈಯಲ್ಲಿ ರಂಗೋಲಿ ಬಿದ್ದರೆ ನಿಂತು ನೋಡಬೇಕು, ಹಾಗಿರುತ್ತಿತ್ತು. ಆದರೆ ಬಾಗಿಲ ಮುಂದೆ ಅವಳು ಹಾಕುವ ಹಾಗಿರಲಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಕುವಳು, ಅತ್ತೆ ಬರುವ ಸದ್ದಾದರೆ ನೀರು ಸುರಿದುಬಿಡುವಳು. ಬಾಗಿಲ ಮುಂದೆ ನಾನು ಹಾಕುತ್ತಿದ್ದೆ. ನನ್ನ ರಂಗೋಲಿ ನೋಡಿ ಎಮ್ಮೆಯೂ ದಾರಿ ತಪ್ಪುತ್ತದೆ ಎಂದು ನನ್ನ ಯಜಮಾನರು ತಮಾಷೆ ಮಾಡುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅತ್ತೆ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಹೇಳುವುದರಲ್ಲಿ ಅವರ ಮೇಲೆ ನನಗೆ ಸಿಟ್ಟು ಬರುತ್ತದೆ. ಮಗಳ ತಟ್ಟೆಗೆ ತುಪ್ಪ ಬಡಿಸುವಾಗ ಅವರ ಕಣ್ಣು ಒದ್ದೆಯಾಗುವುದನ್ನು ನಾನು ನೋಡಿದ್ದೇನೆ. ಆದರೆ ಜನ ಏನೆಂದಾರು ಎನ್ನುವ ಒಂದು ಭಯ ಅವರನ್ನು ಹಿಡಿದಿತ್ತು, ಮತ್ತು ಅಂಗಡಿ ಇಟ್ಟವರ ಮನೆಯಲ್ಲಿ ಆ ಭಯ ಎಲ್ಲರಿಗಿಂತ ಒಂದು ಹಿಡಿ ಹೆಚ್ಚೇ ಇರುತ್ತದೆ.

ಎರಡನೆಯ ಮಹಾಯುದ್ಧ ಶುರುವಾಗಿ ಸೀಮೆಎಣ್ಣೆ, ಸಕ್ಕರೆ, ಬಟ್ಟೆ ಎಲ್ಲಕ್ಕೂ ಕೊರತೆ ಬಂದಿದ್ದ ಕಾಲ. ಬಸ್ಸು ಕೂಡ ಪೆಟ್ರೋಲು ಸಿಗದೆ ಇದ್ದಿಲು ಉರಿಸಿಕೊಂಡು ಕೆಮ್ಮುತ್ತ ಬರುತ್ತಿತ್ತು. ಒಂದು ಶ್ರಾವಣದಲ್ಲಿ ಆ ಬಸ್ಸಿನ ಮೇಲೆ ಬಂದ ಕುಂಕುಮದ ಗಂಟನ್ನು ನಾವಿಬ್ಬರೂ ಪಡಸಾಲೆಯಲ್ಲಿ ಬಿಚ್ಚಿದೆವು. ಒಳಗಿದ್ದದ್ದು ಮಾಸಲು ಕಾಗದದ ಪೊಟ್ಟಣಗಳು. ಚಿತ್ರ ಅದೇ. ಅದೇ ಮುಖ, ಅದೇ ಕನ್ನಡಿ. ಆದರೆ ಕೆಂಪು ಎಲ್ಲಿಯೂ ಇರಲಿಲ್ಲ. ಬರೀ ಕಪ್ಪು ಗೆರೆ. ಹಣೆ ಬರಿದು, ಕೈ ಬರಿದು, ತುರುಬು ಬರಿದು. ಆಕೆ ಮಾತ್ರ ಮೊದಲಿನ ಹಾಗೆಯೇ ಕನ್ನಡಿ ನೋಡಿಕೊಂಡು ನಗುತ್ತ ಕುಳಿತಿದ್ದಳು.

ನಾದಿನಿ ಒಂದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳು. “ಅತ್ಗೆ, ಇವಳಿಗೂ ತೆಗೆದುಬಿಟ್ಟಾರಲ್ಲ” ಎಂದಳು. ನಾನು ಗಂಟಿನ ಹಗ್ಗ ಸುತ್ತುವ ನೆಪದಲ್ಲಿ ತಲೆ ತಗ್ಗಿಸಿದೆ.

ಕಾರಣ ಏನೆಂದು ಯಜಮಾನರು ಮಧ್ಯಾಹ್ನ ಊಟಕ್ಕೆ ಕುಳಿತಾಗ ಬಿಡಿಸಿ ಹೇಳಿದರು. ಇಂಥ ಚಿತ್ರಕ್ಕೆ ಎರಡು ಅಚ್ಚು ಇರುತ್ತವಂತೆ. ಗೆರೆಗಳಿಗೆಲ್ಲ ಕಪ್ಪಿನ ಅಚ್ಚು, ಬಣ್ಣಕ್ಕೆ ಕೆಂಪಿನ ಅಚ್ಚು. ಯುದ್ಧದಿಂದ ಬಣ್ಣದ ಮಸಿ ಬರುವುದು ನಿಂತು, ಕಂಪನಿಯವರು ಕೆಂಪಿನ ಅಚ್ಚನ್ನು ಎತ್ತಿಟ್ಟು ಕಪ್ಪಿನ ಅಚ್ಚಿನಲ್ಲೇ ಮುಗಿಸಿದ್ದರು. ಮುತ್ತೈದೆಯ ಗುರುತುಗಳೆಲ್ಲ ಆ ಒಂದು ಅಚ್ಚಿನಲ್ಲೇ ಇದ್ದವು ಎಂದು ಅವರಿಗೆ ಹೊಳೆದಿರಲಾರದು. ಮಸಿ ಉಳಿಸಿದೆವು ಎಂದುಕೊಂಡಿರುತ್ತಾರೆ. ಕುಂಕುಮ ಮಾತ್ರ ಮೊದಲಿನದೇ, ನಾನೇ ಬಿಚ್ಚಿ ಬೆರಳಿಗೆ ಹಚ್ಚಿ ನೋಡಿದ್ದೆ.

ಅದನ್ನು ಮೊದಲು ನೋಡಿದ ಗಿರಾಕಿ ಹತ್ತಿರದ ಹಳ್ಳಿ ಗೋವಿನಕೋವಿಯ ಒಬ್ಬ ಅಜ್ಜಿ. ಗಟ್ಟಿ ಹೆಂಗಸು, ಗಂಡ ಇನ್ನೂ ಬದುಕಿದ್ದ, ಹಣೆ ತುಂಬ ಕುಂಕುಮ ಇಡುತ್ತಿದ್ದಳು. ಸಂತೆಯ ದಿನ ತಪ್ಪದೆ ನಮ್ಮ ಅಂಗಡಿಗೆ ಬರುವಳು. ಮಾವನವರು ಕೊಟ್ಟ ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿ ತಟ್ಟನೆ ಹಲಗೆಯ ಮೇಲೆ ಇಟ್ಟಳು.

“ಏನ್ರೀ ಸಾವ್ಕಾರ್ರೆ, ಗೌರಮ್ಮನ ಹಣೆ ಬರಿದು ಮಾಡ್ಯಾರಲ್ಲ.”

“ಮಸಿ ಇಲ್ಲಂತವ್ವ, ಯುದ್ಧ ನಡೀತೈತೆ. ಒಳಗಿನ ಮಾಲು ಅದೇ ಐತೆ.”

“ಒಳಗಿಂದು ಯಾರು ಕೇಳಿದ್ರು? ಹಬ್ಬ ಹತ್ರ ಬಂದೈತೆ, ಇಂಥ ಮುಖ ಮನಿಗೆ ಹೆಂಗೆ ಒಯ್ಯಲಿ? ಬ್ಯಾಡ ಬಿಡ್ರಿ.”

ಬಾಗಿಲಿನ ಈಚೆ ನಾವಿಬ್ಬರೂ ಕುಳಿತಿದ್ದೆವು. ನಾದಿನಿ ತಾನು ಎಣಿಸುತ್ತಿದ್ದ ಪೊಟ್ಟಣಗಳನ್ನು ಮುಂದಕ್ಕೆ ಎಣಿಸಲಿಲ್ಲ.

ಆ ಸಂತೆಯಿಂದ ಆಚೆ ಗೌರಮ್ಮನನ್ನು ಕೇಳುವವರೇ ಇಲ್ಲವಾದರು. ಕಂಪನಿಯ ಯಜಮಾನ ಸತ್ತಿದ್ದಾನೆ, ಅವನ ಹೆಂಡತಿ ದುಃಖದಲ್ಲಿ ಹೀಗೆ ಮಾಡಿಸಿದ್ದಾಳೆ ಎಂದು ಒಬ್ಬರು. ಇದು ಖೋಟಾ ಮಾಲು, ಒಳಗಿರುವುದು ಇಟ್ಟಿಗೆಪುಡಿ ಎಂದು ಮತ್ತೊಬ್ಬರು. ಯುದ್ಧದಲ್ಲಿ ಗಂಡಂದಿರು ಸಾಯುತ್ತಾರೆ ಅಂತ ಸರ್ಕಾರದವರೇ ಮುಂಚಿತವಾಗಿ ಸೂಚನೆ ಕೊಟ್ಟಿದ್ದಾರೆ ಎಂದು ಹೇಳಿದ ಮಹಾನುಭಾವನೂ ಇದ್ದ. ಹೊನ್ನಾಳಿಯ ಅಂಗಡಿಯವರು ಬಿಚ್ಚಿದ ಗಂಟನ್ನು ಹಾಗೆಯೇ ಮತ್ತೆ ಕಟ್ಟಿ ಬಸ್ಸಿನ ಮೇಲೆ ವಾಪಸ್ ಹಾಕಿದರು. ಚನ್ನಗಿರಿಯವರೂ ಅದನ್ನೇ ಮಾಡಿದರು. ಸಂತೆಯಲ್ಲಿ ಅದಕ್ಕೆ ಹೊಸ ಹೆಸರೂ ಹುಟ್ಟಿತು. ಮುಂಡೆ ಪೊಟ್ಟಣ. ನಮ್ಮ ಅಂಗಡಿಯ ಕಟ್ಟೆಯ ಮೇಲೆ ನಿಂತು, ಪಡಸಾಲೆಗೆ ಕೇಳುವ ಹಾಗೆ, “ಮುಂಡೆ ಪೊಟ್ಟಣ ಬ್ಯಾಡ್ರಿ, ಬಿಡಿ ಕುಂಕುಮ ಇದ್ರೆ ಕೊಡ್ರಿ” ಎನ್ನುತ್ತಿದ್ದರು. ಅವರಿಗೆ ಅದು ಪೊಟ್ಟಣದ ಹೆಸರು ಅಷ್ಟೆ. ಯಾರನ್ನೂ ನೋಯಿಸಬೇಕೆಂದು ಅಂದದ್ದಲ್ಲ. ಅದೇ ನನಗೆ ಹೆಚ್ಚು ಉರಿಯುತ್ತಿತ್ತು.

ಸುಳ್ಳು ಯಾಕೆ ಹೇಳಲಿ, ಆ ಪೊಟ್ಟಣ ನೋಡಲು ನನಗೂ ಹಿತವಾಗುತ್ತಿರಲಿಲ್ಲ. ಒಳಗಿನ ಕುಂಕುಮ ಅದೇ ಎಂದು ಗೊತ್ತಿದ್ದರೂ ಬೆಳಿಗ್ಗೆ ಎದ್ದು ಕೈ ಅದರ ಕಡೆ ಹೋಗುತ್ತಿರಲಿಲ್ಲ, ಹಳೆಯ ಪೊಟ್ಟಣದಲ್ಲಿ ಉಳಿದದ್ದನ್ನೇ ಕೆರೆದು ಹಚ್ಚಿಕೊಳ್ಳುತ್ತಿದ್ದೆ. ಇದನ್ನು ಮೌಢ್ಯ ಎಂದು ನಗುವವರು ನಗಲಿ. ಇಷ್ಟು ವರ್ಷ ನಾವು ಕೊಂಡದ್ದು ಕುಂಕುಮವನ್ನಲ್ಲ, ನಗುವ ಆ ಮುಖವನ್ನು. ದಿನಾ ಬೆಳಗಾದರೆ ಎದುರು ಕಾಣುವ ಮುಖವೊಂದು ಒಂದು ದಿನ ಹೇಳದೆ ಕೇಳದೆ ಬದಲಾದರೆ ಯಾರಿಗಾದರೂ ಅಳುಕು ಬರುತ್ತದೆ. ಆದರೆ ಅಳುಕು ಅಷ್ಟಕ್ಕೇ ನಿಲ್ಲುವುದಿಲ್ಲ, ತಪ್ಪು ಹೊರಿಸಲು ಒಬ್ಬರನ್ನು ಹುಡುಕುತ್ತದೆ. ಕಂಪನಿ ದೂರದಲ್ಲಿತ್ತು. ನನ್ನ ನಾದಿನಿ ಹತ್ತಿರದಲ್ಲಿದ್ದಳು.

ಸಾವ್ಕಾರರ ಮನೆಯಲ್ಲಿ ಗಂಡ ಸತ್ತ ಮಗಳು ಕುಂಕುಮದ ಗಂಟು ಕಟ್ಟುತ್ತಾಳಂತೆ, ಅದಕ್ಕೇ ಗೌರಮ್ಮ ಹೀಗಾದಳು ಎಂದು ಬಾವಿಕಟ್ಟೆಯ ಮೇಲೆ ಯಾರೋ ಆಡಿದರು. ಹೊನ್ನಾಳಿಗೂ ಚನ್ನಗಿರಿಗೂ ಹೋದದ್ದು ಇದೇ ಮನೆಯಿಂದ ಹೋದ ಗಂಟಾದ್ದರಿಂದ ಮಾತಿಗೆ ಬಲ ಬಂತು. ಅಚ್ಚು ಒತ್ತಿದ್ದು ಎಲ್ಲಿ, ಇವಳು ಮುಟ್ಟಿದ್ದು ಎಲ್ಲಿ ಎಂದು ಯಾರೂ ಯೋಚಿಸಲಿಲ್ಲ. ಅತ್ತೆ ಕೊಡ ತುಂಬಿಕೊಳ್ಳದೆ ಮನೆಗೆ ಬಂದರು.

ಆ ಸಂಜೆಯೇ ಚನ್ನಗಿರಿಯ ಮಾತು ಎದ್ದಿತು. ನಾದಿನಿಯ ಗಂಡನ ಅಣ್ಣನ ಮನೆ ಅಲ್ಲಿತ್ತು. ದೊಡ್ಡ ಸಂಸಾರ, ಎಮ್ಮೆಗಳು, ಆಳುಗಳಿಗೆ ರೊಟ್ಟಿ ಬಡಿಯುವ ಕೆಲಸ. ನಮ್ಮ ಮನೆಯ ಸೊಸೆ, ಕಳಿಸಿಕೊಡಿ ಎಂದು ಅವರು ಕೇಳುತ್ತಲೇ ಇದ್ದರು. ಗಂಡ ಸತ್ತ ಮೇಲೆ ಕೆಲವು ತಿಂಗಳು ಆಕೆ ಅಲ್ಲೇ ಇದ್ದಳು. ಆ ದಿನಗಳ ಬಗ್ಗೆ ನನ್ನ ಹತ್ತಿರ ಒಂದೇ ಒಂದು ಮಾತು ಹೇಳಿದ್ದಳು. “ಅಲ್ಲಿ ನನ್ನ ಜೋಡಿ ಯಾರೂ ಮಾತಾಡ್ತಿರಲಿಲ್ಲ ಅತ್ಗೆ. ಕೆಲಸ ಹೇಳೋರು, ಮುಖ ಆ ಕಡೆ ತಿರುಗಿಸಿ ಹೇಳೋರು.” ಅತ್ತೆ ದೀಪಾವಳಿ ಕಳೆಯಲಿ, ಆಮೇಲೆ ಕಳಿಸೋಣ ಎಂದರು. ಮಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ನಾದಿನಿ ಒಲೆಯ ಮುಂದೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡು, ಮುದ್ದೆ ತಿರುವುವುದನ್ನು ನಿಲ್ಲಿಸಲಿಲ್ಲ.

ನನಗೆ ತಡೆಯಲಿಲ್ಲ. ಜಗಳೂರಿನವಳನ್ನು ತಂದದ್ದೇ ಜಗಳಕ್ಕೆ ಎಂದು ಅತ್ತೆ ನನ್ನನ್ನು ಹಂಗಿಸುತ್ತಿದ್ದರು. ಆವತ್ತು ಆ ಹೆಸರು ಉಳಿಸಿದೆ. “ಹಣೆ ಬರಿದಾಗೈತೆ ಅಂತ ತಾನೆ ಜನ ಬ್ಯಾಡ ಅನ್ನೋದು? ಕುಂಕುಮದ ಅಂಗಡಿಯಾಗೆ ಕುಂಕುಮಕ್ಕೇನು ಬರ? ನಾವೇ ಹಚ್ಚಿ ಕಳಿಸಾನ” ಎಂದೆ. ಯಜಮಾನರು ನಕ್ಕರು. ಮಾವ ನಗಲಿಲ್ಲ. “ನೀನು ಮುತ್ತೈದೆ, ನೀನು ಹಚ್ಚು. ನೋಡಾನ” ಎಂದರು.

ಮರುದಿನ ಮಧ್ಯಾಹ್ನ ಜಾಲಿಯ ಅಂಟನ್ನು ನೀರಲ್ಲಿ ನೆನೆಸಿ, ಕುಂಕುಮ ಕಲಸಿ, ಬೇವಿನ ಕಡ್ಡಿಯ ತುದಿ ಜಗಿದು ಕುಂಚ ಮಾಡಿಕೊಂಡು ಕುಳಿತೆ. ಮೊದಲನೆಯ ಗೌರಮ್ಮನ ಕುಂಕುಮ ಮೂಗಿನವರೆಗೆ ಇಳಿಯಿತು. ಎರಡನೆಯವಳಿಗೆ ಹಣೆಗೆ ಏಟು ಬಿದ್ದ ಹಾಗೆ ಕಂಡಿತು. ಬಳೆ ಹಾಕಲು ಹೋಗಿ ಕೈಯನ್ನೇ ಅಳಿಸಿಬಿಟ್ಟೆ. ನಾದಿನಿ ಎದುರಿಗೆ ಕುಳಿತು ನೋಡುತ್ತಿದ್ದವಳು ಮೊದಲು ತುಟಿ ಕಚ್ಚಿದಳು, ಆಮೇಲೆ ನಕ್ಕಳು. ಆ ಮನೆಯಲ್ಲಿ ಅವಳು ಸದ್ದು ಮಾಡಿ ನಕ್ಕದ್ದನ್ನು ನಾನು ಮೊದಲ ಸಲ ಕೇಳಿದ್ದು.

“ಪಾಪ, ಅವಳನ್ನ ಬಿಡ್ರಿ ಅತ್ಗೆ, ಯಾಕೆ ಹಿಂಗೆ ಗೋಳು ಹುಯ್ಕೊಳ್ತೀರಿ?”

“ನಿನಗೆ ಬಂದ್ರೆ ನೀನೇ ಹಚ್ಚು.”

ಅವಳ ನಗು ನಿಂತಿತು. “ನಾನು ಮುಟ್ಟಬಾರದು.”

“ನಿನ್ನ ಹಣೆಗೆ ಹಚ್ಕೊಬ್ಯಾಡ ಅಂದಾರೆ. ಕಾಗದಕ್ಕೆ ಹಚ್ಚಬ್ಯಾಡ ಅಂತ ಯಾರಂದ್ರು?” ಎಂದು ಕಡ್ಡಿಯನ್ನು ಅವಳ ಕೈಗೆ ತುರುಕಿದೆ.

ಬಹಳ ಹೊತ್ತು ಕಡ್ಡಿ ಹಿಡಿದು ಕುಳಿತಳು. ಆಮೇಲೆ ಎದ್ದು ಹೋಗಿ ಕೈಕಾಲು ತೊಳೆದು ಬಂದಳು. ಒಂದು ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಹಣೆಯ ನಡುವೆ ತುದಿ ಮುಟ್ಟಿಸಿ ಎತ್ತಿದಳು. ದುಂಡಗೆ, ಹುಬ್ಬಿನ ನಡುವೆ, ಎಲ್ಲಿ ಇರಬೇಕೋ ಅಲ್ಲಿಯೇ ಕುಂಕುಮ ನಿಂತಿತು. ಬಳೆಗಳು ಗೀರು ಗೀರಾಗಿ ಮೂಡಿದವು, ತುರುಬಿಗೆ ಹೂವು ಬಂತು, ಸೀರೆಗೆ ಅಂಚು ಬಂತು. ಮುಗಿದ ಮೇಲೆ ಗೌರಮ್ಮ ಅಚ್ಚಿನಲ್ಲಿ ಇದ್ದಾಗಿನದಕ್ಕಿಂತ ಚೆನ್ನಾಗಿ ಕಂಡಳು. ನಾದಿನಿ ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದುಕೊಂಡಳು. ನನ್ನ ಕಣ್ಣಲ್ಲಿ ನೀರಿತ್ತು.

ಅಂದಿನಿಂದ ಮಧ್ಯಾಹ್ನ ಅತ್ತೆ ಮಲಗುವ ಹೊತ್ತಿನಲ್ಲಿ ಅವಳು ಹಚ್ಚುವುದು, ನಾನು ಒಣಗಿಸುವುದು ಎಂದಾಯಿತು. ಗೌರಿ ಹಬ್ಬದ ಹಿಂದಿನ ಸಂತೆಗೆ ಮಾವ ಅವುಗಳನ್ನು ಹಲಗೆಯ ಮೇಲೆ ಹರಡಿದರು. ಗೋವಿನಕೋವಿಯ ಅಜ್ಜಿ ಮೊದಲು ದೂರದಿಂದಲೇ ನೋಡಿದಳು. ಹತ್ತಿರ ಬಂದು ಬೆರಳಿನಿಂದ ಹಣೆ ಮುಟ್ಟಿದಳು. ಬೆರಳಿಗೆ ಹತ್ತಿದ ಕೆಂಪನ್ನು ನೋಡಿಕೊಂಡಳು.

“ಇದು ಅಚ್ಚಿಂದಲ್ಲ. ಕೈಯಾರೆ ಹಚ್ಯಾರೆ.”

“ಹೂಂ, ನಮ್ಮ ಸೊಸೆ ಹಚ್ಯಾಳೆ” ಎಂದರು ಮಾವ. ಅವರಿಗೆ ಆಗ ಗೊತ್ತಿದ್ದದ್ದೂ ಅಷ್ಟೇ.

ಆ ದಿನ ಸಂಜೆಯೊಳಗೆ ಹಲಗೆ ಖಾಲಿಯಾಯಿತು. ಮುಂಡೆ ಪೊಟ್ಟಣ ಎನ್ನುವ ಮಾತು ಎಲ್ಲಿ ಹೋಯಿತೋ. ಈಗ ‘ಕೈಗೌರಮ್ಮ’ ಎನ್ನತೊಡಗಿದರು. ಅಚ್ಚಿನ ಕಾಲದಲ್ಲಿ ಯಾರೂ ಪೊಟ್ಟಣ ಆರಿಸುತ್ತಿರಲಿಲ್ಲ, ಕೊಟ್ಟದ್ದನ್ನು ಒಯ್ಯುತ್ತಿದ್ದರು. ಈಗ ಹೆಂಗಸರು ಗಂಟೆಗಟ್ಟಲೆ ನಿಂತು ಆರಿಸುವರು. ಇವಳ ಕುಂಕುಮ ಚೂರು ದೊಡ್ಡದಿದೆ, ಇವಳಿಗೆ ಬಳೆ ಜಾಸ್ತಿ ಇದೆ, ಇವಳು ನಮ್ಮ ಅಕ್ಕನ ಹಾಗಿದ್ದಾಳೆ ಎಂದು ಹೇಳಿಕೊಂಡು ತಮ್ಮ ತಮ್ಮ ಗೌರಮ್ಮನನ್ನು ಒಯ್ಯುವರು. ಹೊನ್ನಾಳಿಯವರೂ ಚನ್ನಗಿರಿಯವರೂ ಮತ್ತೆ ಗಂಟು ಕೇಳಿದರು. ಯುದ್ಧ ಮುಗಿದ ಎಷ್ಟೋ ದಿನಗಳ ಮೇಲೆ ಕಂಪನಿಯವರು ಕೆಂಪು ಅಚ್ಚನ್ನು ಹೊರಗೆ ತೆಗೆದು, ಕಾಗದಕ್ಕೆ ಮಿರುಗು ಕೊಟ್ಟು, ಹೊಸ ಪೊಟ್ಟಣ ಕಳಿಸಿದರು. ಆಗ ಇದೇ ಹೆಂಗಸರು ಮುಖ ಸಿಂಡರಿಸಿ, ಎಲ್ಲರೂ ಒಂದೇ ಥರ ಇದ್ದಾರಲ್ಲ, ಜೀವ ಇಲ್ಲ ಎಂದರು. ಹೊಸದು ಯಾವುದನ್ನು ತಂದರೂ ನಾವು ಮೊದಲು ಬೇಡ ಎನ್ನುವವರೇ.

ಆ ವರ್ಷ ಹೊಗಳಿಕೆಯೆಲ್ಲ ನನ್ನ ಪಾಲಿಗೆ ಬಂತು. ಆರತಿಗೆ, ಉಡಿ ತುಂಬಲು, ತೊಟ್ಟಿಲಿಗೆ, ಎಲ್ಲದಕ್ಕೂ ಸಾವ್ಕಾರರ ಸೊಸೆ ಬರಲಿ, ಭಾಗ್ಯದ ಕೈ ಎನ್ನತೊಡಗಿದರು. ನಾನು ಹೋಗುತ್ತಿದ್ದೆ, ತಾಂಬೂಲ ತಂದು ನಾದಿನಿಯ ಮುಂದೆ ಇಡುತ್ತಿದ್ದೆ. “ನಿಂದು ಇದು” ಎಂದರೆ ಅವಳು ಎಲೆ ಅಡಿಕೆ ಬೇರೆ ಮಾಡಿ, ಹೂವನ್ನು ಮಾತ್ರ ನನ್ನ ಕಡೆ ಸರಿಸುತ್ತಿದ್ದಳು. ಆದರೆ ಗಂಟು ಹೋಗುತ್ತಿದೆ, ವ್ಯಾಪಾರ ನಡೆಯುತ್ತಿದೆ, ಇನ್ನು ಚನ್ನಗಿರಿಯ ಮಾತು ಏಳುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಅಲ್ಲಿಯೇ ನನ್ನ ಲೆಕ್ಕ ತಪ್ಪಿದ್ದು. ಕುಂಕುಮ ಕಲಸಿದ ಬೆರಳು ತೊಳೆದರೆ ಹೋಗುವುದಿಲ್ಲ. ಒಂದು ದಿನ ರೊಟ್ಟಿ ಬಡಿಸುತ್ತಿದ್ದ ಮಗಳ ಉಗುರಿನ ಸಂದಿನ ಕೆಂಪನ್ನು ಅತ್ತೆ ನೋಡಿದರು. ನನ್ನ ಬೆರಳನ್ನೂ ನೋಡಿದರು. ನನ್ನವು ಬೆಳ್ಳಗಿದ್ದವು. ಕೂಗಾಡಲಿಲ್ಲ. ಬೆವರುತ್ತ ಗೋಡೆಗೆ ಒರಗಿ ಕುಳಿತುಬಿಟ್ಟರು.

“ಅರ್ಧ ಸೀಮೆಯ ದೇವರ ಕೋಣೆಯಾಗೆ ಇವಳ ಕೈ ಐತೆ. ಇದು ಜನಕ್ಕೆ ಗೊತ್ತಾದ್ರೆ ಕಲ್ಲು ತಗಂಡು ಹೊಡೀತಾರೆ” ಎಂದರು.

ಹೀಗೆ, ವ್ಯಾಪಾರ ಕೆಟ್ಟಾಗ ಕಳಿಸಬೇಕೆಂದಿದ್ದವರು ವ್ಯಾಪಾರ ಕುದುರಿದ್ದಕ್ಕೇ ಕಳಿಸಲೇಬೇಕು ಎಂದು ನಿಶ್ಚಯಿಸಿದರು. ಅವಳು ಹೋದ ಮೇಲೆ ನಾನೇ ಹಚ್ಚಬೇಕು, ಬಾರದಿದ್ದರೆ ಕಲಿಯಬೇಕು. ನಾನು ಜಗಳವಾಡಿದೆ, ಊಟ ಬಿಟ್ಟೆ, ಯಜಮಾನರನ್ನು ಹಿಡಿದು ಅಲ್ಲಾಡಿಸಿದೆ. ಅಪ್ಪ ಅವ್ವ ತೀರ್ಮಾನ ಮಾಡಿದ್ದಾರೆ, ನಾನೇನು ಮಾಡಲಿ ಎಂದರು. ಒಳ್ಳೆಯ ಮನುಷ್ಯ, ಆದರೆ ಅವರ ಒಳ್ಳೆಯತನಕ್ಕೆ ಬೆನ್ನುಮೂಳೆ ಇರಲಿಲ್ಲ ಎಂದು ಆವತ್ತು ಅನ್ನಿಸಿತು, ಹೇಳಿಯೂ ಬಿಟ್ಟೆ. ನಾದಿನಿ ಮಾತ್ರ ಇದ್ದ ಪೊಟ್ಟಣಗಳಿಗೆಲ್ಲ ಹಚ್ಚಿ ಮುಗಿಸಿ ಹೋಗುತ್ತೇನೆ ಎಂದು ಬೆಳಗಿನಿಂದ ಸಂಜೆಯವರೆಗೆ ಬಾಗಿ ಕುಳಿತಿರುತ್ತಿದ್ದಳು.

ದೀಪಾವಳಿ ಕಳೆದು ಅವಳ ಭಾವ ಚನ್ನಗಿರಿಯಿಂದ ಗಾಡಿ ಕಟ್ಟಿಸಿಕೊಂಡು ಬಂದರು. ಅವತ್ತು ಸಂತೆಯ ದಿನ. ನಾದಿನಿಯ ಟ್ರಂಕನ್ನು ಅಂಗಡಿಯ ಕಟ್ಟೆಯ ಮೇಲೆ ತಂದಿಟ್ಟಾಗಿತ್ತು. ಭಾವ ಪಡಸಾಲೆಯಲ್ಲಿ ಕುಳಿತು ಎಲೆ ಹಾಕಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಗೋವಿನಕೋವಿಯ ಅಜ್ಜಿ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದಳು. ಮೊಮ್ಮಗಳಂತೆ, ಮುಂದಿನ ತಿಂಗಳು ಮದುವೆಯಂತೆ.

“ಸಾವ್ಕಾರ್ರೆ, ಗೌರಿ ಹಬ್ಬಕ್ಕೆ ನಿಮ್ಮ ಕೈಗೌರಮ್ಮನ್ನ ಒಯ್ದೆ, ದಸರಾ ಹೊತ್ತಿಗೆ ಈಕೆಗೆ ಸಂಬಂಧ ಗಟ್ಟಿ ಆತು. ಮದುವಿ ದಿನ ಈಕೆ ಹಣೆಗೆ ಮೊದಲು ಆ ಕೈಯೇ ಕುಂಕುಮ ಹಚ್ಚಬೇಕು. ನಿಮ್ಮ ಸೊಸೇನ ಕರೀರಿ, ನಾನೇ ಕೇಳ್ತೀನಿ.”

ಮಾವ ನನ್ನನ್ನು ಕರೆದರು. ಬಾಗಿಲು ದಾಟಿ ಹೊರಗೆ ಬಂದೆ. ಅಜ್ಜಿ ನನ್ನ ಬಲಗೈಯನ್ನು ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು. ಕಟ್ಟೆಯ ಮೇಲೆ ಟ್ರಂಕು ಕಾಣುತ್ತಿತ್ತು. ನನಗೆ ಇನ್ನು ಸಾಧ್ಯವಾಗಲಿಲ್ಲ. ಕೈ ಬಿಡಿಸಿಕೊಂಡೆ.

“ಆ ಕೈ ನಂದಲ್ಲ ಅಜ್ಜಿ.”

“ಹಂಗಾದ್ರೆ ಯಾರದು?”

ನಾನು ಬಾಯಿ ಮುಚ್ಚಿಕೊಂಡೆ. ಅದನ್ನು ಹೇಳುವ ಹಕ್ಕು ನನ್ನದಲ್ಲ ಎಂದು ಆ ಕ್ಷಣಕ್ಕೆ ತಿಳಿಯಿತು. ಮಾವ ಹಲಗೆಯ ಮೇಲಿನ ಧೂಳನ್ನು ಒರೆಸುತ್ತಿದ್ದರು, ಅಲ್ಲಿ ಧೂಳೇ ಇರಲಿಲ್ಲ. ಒಳಗಿನಿಂದ ಅತ್ತೆ “ಬ್ಯಾಡ” ಎಂದದ್ದು ಕೇಳಿಸಿತು. ಯಾರಿಗೆ ಹೇಳಿದರು ಎಂದು ತಿರುಗಿ ನೋಡುವಷ್ಟರಲ್ಲಿ ನಾದಿನಿ ಬಾಗಿಲಲ್ಲಿ ನಿಂತಿದ್ದಳು. ವಾಪಸ್ ಬಂದ ಮೇಲೆ ಆಕೆ ಆ ಬಾಗಿಲು ದಾಟಿದ್ದು ಅದೇ ಮೊದಲು. ಹಲಗೆಯ ಹತ್ತಿರ ಬಂದು ಎರಡೂ ಕೈಗಳನ್ನು ಅಂಗಾತ ಮಾಡಿ ಮುಂದೆ ಚಾಚಿದಳು. ಬೆರಳುಗಳು ಗೆಣ್ಣಿನವರೆಗೆ ಕೆಂಪಾಗಿದ್ದವು.

“ನಂದು. ಇಷ್ಟು ದಿನ ಹಚ್ಚಿದವಳು ನಾನು. ಬೈಯೋದಾದ್ರೆ ನನ್ನ ಬೈರಿ, ಅತ್ಗೇನ ಬ್ಯಾಡ.”

ಅಜ್ಜಿ ವಿಭೂತಿಯೊಂದೇ ಇದ್ದ ಆ ಹಣೆ ನೋಡಿದಳು, ಬೆರಳು ನೋಡಿದಳು. ಮೊಮ್ಮಗಳ ಮುಖ ನೋಡಿದಳು. ಮೊಣಕಾಲು ಹಿಡಿದುಕೊಂಡು ಕಟ್ಟೆಯ ಮೇಲೆ, ಟ್ರಂಕಿನ ಪಕ್ಕದಲ್ಲೇ, ಕುಳಿತಳು. ಸಂತೆಯ ಗಲಾಟೆ ಮೊದಲಿನಂತೆಯೇ ನಡೆದಿತ್ತು. ಯಾರೋ ನೀರು ಕೊಡಿ ಎಂದರು. ಬಹುಶಃ ಅಜ್ಜಿಯೇ.

ನೀರು ಕುಡಿದ ಮೇಲೆ ಮಾತು ಬಂತು. “ನನ್ನ ದೇವರ ಕೋಣೆ ಬಾಗಿಲಿಗೆ ನಿನ್ನ ಕೈ ಅಂಟಿಸಿ ಪೂಜೆ ಮಾಡೀನಿ. ಎಮ್ಮೆ ಈಯ್ತು, ಮುದುಕನ ಕೆಮ್ಮು ನಿಂತು ಹೋತು, ಹುಡುಗಿಗೆ ಮನಿ ಸಿಕ್ತು. ಕೆಟ್ಟದ್ದು ಆಗೋದಿದ್ರೆ ಇಷ್ಟೊತ್ತಿಗೆ ಆಗಬೇಕಿತ್ತಲ್ಲ.”

ಅಜ್ಜಿ ಮೊಮ್ಮಗಳ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

“ಈಕೆ ಹಣೆಗೆ ಹಚ್ಚು ಅನ್ನಾಕೆ ನನಗೆ ಧೈರ್ಯ ಇಲ್ಲವ್ವ. ಬೀಗರ ಮುಂದೆ ನಾನು ನಿಲ್ಲಾಕೆ ಆಗಲ್ಲ. ಇದ್ದದ್ದು ಹೇಳ್ತೀನಿ, ಸಿಟ್ಟು ಮಾಡ್ಕೊಬ್ಯಾಡ.” ಎದ್ದು ನಿಂತಳು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಉಡಿ ತುಂಬಿಸಿಕೊಳ್ಳುವಾಗ ಒಡ್ಡುವ ಹಾಗೆ ಒಡ್ಡಿದಳು. “ಗೌರಮ್ಮನ್ನ ಮಾತ್ರ ನೀನೇ ಹಾಕು. ಬ್ಯಾರೆಯೋರ ಕೈಯಿಂದ ನಾನು ಒಯ್ಯಲ್ಲ.”

ನಾದಿನಿ ಮಾವನ ಮುಖ ನೋಡಿದಳು. ಮಾವ ಹಲಗೆಯ ಮುಂದಿನಿಂದ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಆಕೆ ಒಂದು ಪೊಟ್ಟಣ ತೆಗೆದು ಅಜ್ಜಿಯ ಸೆರಗಿಗೆ ಹಾಕಿದಳು. ಯಾರೂ ಹೇಳಿರಲಿಲ್ಲ, ಮೊಮ್ಮಗಳೂ ತನ್ನ ಸೆರಗನ್ನು ಒಡ್ಡಿದಳು. ಅವಳಿಗೂ ಒಂದು ಹಾಕಿದಳು. ಕುಂಕುಮಕ್ಕೆ ಬಂದು ಹಿಂದೆ ನಿಂತಿದ್ದ ಹೆಂಗಸರಲ್ಲಿ ಇಬ್ಬರು ಸುಮ್ಮನೆ ಹೊರಟು ಹೋದರು. ಉಳಿದವರು ಹೋಗಲಿಲ್ಲ.

ಅವರು ಹೋದ ಮೇಲೆ ಮಾವ ಪಡಸಾಲೆಗೆ ಬಂದು ಚನ್ನಗಿರಿಯ ಭಾವನ ಎದುರು ನಿಂತರು. “ಊಟ ಮಾಡಿ ಹೊರಡ್ರಿ. ನಮ್ಮ ಹುಡುಗಿಗೆ ಇಲ್ಲಿ ಕೆಲಸ ಐತೆ” ಎಂದರು. ಪ್ರೀತಿಯಿಂದ ಅಂದರೋ, ಕೈಗೌರಮ್ಮ ನಿಂತುಹೋಗುವ ಭಯದಿಂದ ಅಂದರೋ, ನಾನು ಇವತ್ತಿಗೂ ತೀರ್ಮಾನ ಮಾಡಿಲ್ಲ. ಭಾವ ಮುಖ ಗಂಟಿಕ್ಕಿಕೊಂಡು ಎದ್ದರು. ಅತ್ತೆ ಒಳಗೆ ಹೋಗಿ, ಇಷ್ಟು ದಿನ ಬೇರೆ ಹಾಕುತ್ತಿದ್ದ ಮಗಳ ತಟ್ಟೆಯನ್ನು ನಮ್ಮ ತಟ್ಟೆಗಳ ಸಾಲಿನಲ್ಲಿ ಹಾಕಿದರು. ನಾದಿನಿ ಹಿತ್ತಲಿಗೆ ಹೋಗಿ ಅತ್ತಳು. ಮದುವೆಗೆ ಕರೆಯಲಿಲ್ಲವಲ್ಲ ಎಂದು ಅತ್ತಳು. ಇಲ್ಲಿಯೇ ಉಳಿದ ಸಂತೋಷವೆಲ್ಲ ಆಮೇಲೆ ಬಂತು.

ಕಟ್ಟೆಯ ಮೇಲಿದ್ದ ಟ್ರಂಕನ್ನು ಒಳಗೆ ತರಲು ನಾನೇ ಹೋದೆ. ಭಾರ ಇರುತ್ತದೆ, ಯಜಮಾನರನ್ನು ಕರೆಯಬೇಕು ಎಂದುಕೊಂಡು ಹಿಡಿಕೆಗೆ ಕೈ ಹಾಕಿ ಎತ್ತಿದೆ. ಒಂದೇ ಕೈಗೆ ಬಂದುಬಿಟ್ಟಿತು. ಇಡೀ ಜನ್ಮಕ್ಕೆಂದು ಅವಳು ಕಟ್ಟಿಕೊಂಡಿದ್ದು ಅಷ್ಟೇ. ಅದನ್ನು ಹಿಡಿದುಕೊಂಡು ಸಂತೆಯ ಜನರ ನಡುವೆ ಕಟ್ಟೆಯ ಮೇಲೆ ಕುಳಿತು, ಯಾರು ನೋಡಿದರೆ ನನಗೇನು ಎಂದು ಅತ್ತುಬಿಟ್ಟೆ.